ಸಾಲು ಕೂಡಿಸಲು ಹೋಗಿ

ಪ್ರೋಗ್ರಾಂ ಬರೆಯುವವರಿಗೆ ಒಮ್ಮೆಯಾದರೂ ತಗಲುವ ಕಾಯಿಲೆ ಒಂದಿದೆ. ಸ್ವಂತದ್ದೊಂದು ಟೆಕ್ಸ್ಟ್ ಎಡಿಟರ್ ಬರೆಯುವುದು. ಬೇಕಾದಷ್ಟು ಎಡಿಟರ್‌ಗಳು ಆಗಲೇ ಇವೆ, ಎಲ್ಲವೂ ನನ್ನದಕ್ಕಿಂತ ಚೆನ್ನಾಗಿವೆ. ಆದರೂ ಬರೆದೆ. ಅದನ್ನು ಬಳಸುವವರು ಒಟ್ಟು ಇಬ್ಬರು. ನಾನು, ಮತ್ತೆ ಕನ್ನಡ ಮೇಷ್ಟ್ರಾಗಿ ನಿವೃತ್ತರಾದ ನಮ್ಮಪ್ಪ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ಅವರ ಕಂಪ್ಯೂಟರಿಗೆ ಎಡಿಟರ್ ಹಾಕಿಕೊಟ್ಟವಳೂ ನಾನೇ.

ಒಂದು ಸಂಜೆ ನೋಡಿದರೆ ಅಪ್ಪ ಪಿಡಿಎಫ್‌ನಿಂದ ಎತ್ತಿಕೊಂಡ ಪುಟವೊಂದನ್ನು ಸರಿಮಾಡುತ್ತಾ ಕೂತಿದ್ದರು. ಪ್ರತಿ ಸಾಲೂ ಅರ್ಧಕ್ಕೇ ಮುರಿದಿತ್ತು. ಸಾಲಿನ ಕೊನೆಗೆ ಹೋಗುವುದು, ಡಿಲೀಟ್ ಒತ್ತುವುದು, ಸ್ಪೇಸ್ ಕೊಡುವುದು, ಮುಂದಿನ ಸಾಲಿಗೆ ಹೋಗುವುದು. ಜಪದ ಹಾಗೆ.

"ಇದಕ್ಕೊಂದು ಕೀ ಇಲ್ವೇನೇ?" ಅಂದರು.

"ಹತ್ತು ನಿಮಿಷ ಕೊಡಿ ಅಪ್ಪಾ" ಅಂದೆ.

ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಸಾಲು ಅನ್ನೋದು ನಮ್ಮ ಕಣ್ಣಿಗೆ ಮಾತ್ರ. ಫೈಲಿನೊಳಗೆ ಇರುವುದು ಉದ್ದಕ್ಕೆ ಪೋಣಿಸಿದ ಅಕ್ಷರಗಳು, ನಡುನಡುವೆ 10 ಅನ್ನುವ ಒಂದು ಸಂಖ್ಯೆ. ಅದು ಸಿಕ್ಕಲ್ಲಿ ಹೊಸ ಸಾಲು ಶುರು. ಅದನ್ನು ತೆಗೆದು ಬಿಸಾಡಿದರೆ ಎರಡು ಸಾಲು ಒಂದಾಗಬೇಕು, ಅಲ್ವಾ? ಬಿಸಾಡಿದೆ. ಅಪ್ಪ ಪರೀಕ್ಷೆಗೆ ಎರಡು ಸಾಲು ಬರೆದರು. ಮೊದಲನೆಯದು "ಬನ್ನಿ ಸರ್", ಎರಡನೆಯದು "ಕಾರು ಬಂತು". ಕೀ ಒತ್ತಿದರು.

"ಬನ್ನಿ ಸರ್ಕಾರು ಬಂತು."

ಕನ್ನಡದಲ್ಲಿ ಅರ್ಧಾಕ್ಷರದ ಪಕ್ಕಕ್ಕೆ ವ್ಯಂಜನ ಬಂದರೆ ಅವೆರಡೂ ಸುಮ್ನೆ ಪಕ್ಕಪಕ್ಕ ಕೂರುವುದಿಲ್ಲ, ಒತ್ತಕ್ಷರವಾಗುತ್ತವೆ. ಇಲ್ಲಂತೂ ಅರ್ಕಾವತ್ತೇ ಬಂದಿತ್ತು. ಅಪ್ಪ ಕನ್ನಡಕ ತೆಗೆದು ನಕ್ಕರು. "ಸಾಲು ಸೇರಿಸು ಅಂದ್ರೆ ಸಂಧಿ ಮಾಡಿದ್ದೀಯಲ್ಲೇ! ಬರೀ ಲೋಪ ಮಾಡಿದ್ರೆ ಸಾಲದು. ಹೊಸ ಸಾಲಿನ ಗುರುತು ಹೋಗಿ ಆ ಜಾಗಕ್ಕೆ ಸ್ಪೇಸ್ ಬರಬೇಕು. ಅದು ಆದೇಶ."

ಮಳೆ, ಕಾಲ ಸೇರಿ ಮಳೆಗಾಲ ಆಗುತ್ತದಲ್ಲ, ಆ ಆದೇಶ. ನನ್ನ ಪ್ರೋಗ್ರಾಮಿಗೆ ಕೇಶಿರಾಜನ ಶಿಷ್ಯರಿಂದ ವಿಮರ್ಶೆ!

ಸರಿ, ಆದೇಶ ಪಾಲಿಸಿದೆ. ಆಮೇಲೆ ಶುರುವಾಯಿತು. ಮೊದಲ ಸಾಲಿನ ಕೊನೆಗೆ ಆಗಲೇ ಸ್ಪೇಸ್ ಇದ್ದರೆ ಎರಡಾಗುತ್ತದೆ. ಎರಡನೇ ಸಾಲು ಎಂಟು ಸ್ಪೇಸ್ ಒಳಗಿಂದ ಶುರುವಾಗಿದ್ದರೆ ಮಧ್ಯೆ ಹಲ್ಲು ಉದುರಿದ ಹಾಗೆ ಕಾಣುತ್ತದೆ. ಎರಡನೇ ಸಾಲು ಖಾಲಿ ಇದ್ದರೆ ಕೊನೆಗೆ ಬೇಡದ ಸ್ಪೇಸ್ ಒಂದು ಬಾಲದ ಹಾಗೆ ಉಳಿಯುತ್ತದೆ. ಹತ್ತು ನಿಮಿಷ ಹೋಗಿ ಎರಡು ದಿನ ಆಗಿತ್ತು.

ದೊಡ್ಡವರು ಏನು ಮಾಡಿದ್ದಾರೆ ನೋಡೋಣ ಅಂತ ಹೊರಟೆ. ಬಿಲ್ ಜಾಯ್ 1976ರಲ್ಲಿ ಬರೆಯಲು ಶುರುಮಾಡಿದ ವಿಐ ಅನ್ನುವ ಎಡಿಟರಿನಲ್ಲಿ ದೊಡ್ಡಕ್ಷರದ ಜೆ ಒತ್ತಿದರೆ ಸಾಲು ಕೂಡುತ್ತದೆ. ಅದರ ಹಾದಿಯಲ್ಲೇ 1991ರಲ್ಲಿ ಬಂದ ವಿಮ್ ಎರಡನೇ ಸಾಲಿನ ಮುಂದಿನ ಖಾಲಿ ಜಾಗ ಅಳಿಸಿ ಒಂದೇ ಸ್ಪೇಸ್ ಇಡುತ್ತದೆ. ಎರಡನೇ ಸಾಲು ಮುಚ್ಚುವ ಆವರಣದಿಂದ ಶುರುವಾದರೆ ಅದನ್ನೂ ಇಡುವುದಿಲ್ಲ. ಏನೂ ಮುಟ್ಟದೆ ಹಾಗೇ ಅಂಟಿಸುವುದಕ್ಕೆ ಜಿ ಜೆ ಅಂತ ಬೇರೆಯೇ ಆಜ್ಞೆ. ಅಂದರೆ ನನ್ನ 'ಸರ್ಕಾರು' ತಪ್ಪಲ್ಲ, ಅದೊಂದು ಸೌಲಭ್ಯ! ಅಪ್ಪನಿಗೆ ಹೇಳಿದೆ. ಒಪ್ಪಲಿಲ್ಲ.

ವಿಂಡೋಸ್ ಫೈಲುಗಳದ್ದು ಇನ್ನೊಂದು ಕಥೆ. ಅಲ್ಲಿ ಸಾಲಿನ ಕೊನೆಗೆ 13 ಮತ್ತು 10, ಜೋಡಿ. ಟೆಲಿಪ್ರಿಂಟರ್ ಕಾಲದಲ್ಲಿ ಒಂದು ಅಚ್ಚಿನ ತಲೆಯನ್ನು ಎಡಕ್ಕೆ ತಳ್ಳುತ್ತಿತ್ತು, ಇನ್ನೊಂದು ಕಾಗದವನ್ನು ಮೇಲಕ್ಕೆ ಸರಿಸುತ್ತಿತ್ತು. ಯಂತ್ರ ಹೋಯಿತು, ಜೋಡಿ ಉಳಿಯಿತು. ನಾನು 10 ಮಾತ್ರ ತೆಗೆದಿದ್ದೆ. 13 ಕಣ್ಣಿಗೆ ಕಾಣದೆ ಸಾಲಿನ ಮಧ್ಯೆ ಕೂತು ಒಂದು ಇಡೀ ಭಾನುವಾರ ತಿಂದಿತು.

ನಿಜವಾದ ಅನಾಹುತ ಆಗಿದ್ದು ಎಣಿಕೆಯಿಂದ. ವಿಮ್‌ನಲ್ಲಿ ಮೂರು ಅಂತ ಒತ್ತಿ ಜೆ ಒತ್ತಿದರೆ ಮೂರು ಸಾಲು ಒಂದಾಗುತ್ತದೆ, ಅಂದರೆ ಬೆಸುಗೆ ಎರಡೇ. ನಾನು ಮೂರು ಅಂದರೆ ಮೂರು ಬೆಸುಗೆ ಅಂದುಕೊಂಡು ಬರೆದಿದ್ದೆ. ಹೀಗಾಗಿ ಕೇಳಿದ್ದಕ್ಕಿಂತ ಒಂದು ಸಾಲು ಜಾಸ್ತಿ ನುಂಗುತ್ತಿತ್ತು. ಇದು ಗೊತ್ತಾಗುವ ಮುಂಚೆ, ಹೊಸ ಆಜ್ಞೆಯ ಖುಷಿಯಲ್ಲಿ, ಎಡಿಟರಿನದೇ ಕೋಡನ್ನು ಅದೇ ಎಡಿಟರಿನಲ್ಲಿ ತೆರೆದೆ. ಅಲ್ಲಿ ಎರಡು ಸಾಲಿನ ಒಂದು ಟಿಪ್ಪಣಿ ಇತ್ತು. ಒಂದೇ ಸಾಲು ಮಾಡೋಣ ಅಂತ ಎರಡು ಒತ್ತಿ ಕೂಡಿಸಿದೆ. ಮೂರನೆಯದೂ ಸೇರಿಕೊಂಡಿತು. ಟಿಪ್ಪಣಿ ಶುರುವಾಗುವುದು ಎರಡು ಓರೆಗೆರೆಯಿಂದ. ಆ ಸಾಲಿನಲ್ಲಿ ಅದಾದ ಮೇಲೆ ಏನೇ ಬಂದರೂ ಕಂಪೈಲರ್, ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ, ಅದನ್ನು ಓದುವುದೇ ಇಲ್ಲ. ನನ್ನ ಎಡಿಟರಿನಲ್ಲಿ ಇನ್ನೂ ಬಣ್ಣ ಇರಲಿಲ್ಲ, ಇದ್ದಿದ್ದರೆ ಮೂರನೇ ಸಾಲೂ ಟಿಪ್ಪಣಿಯ ಬೂದು ಬಣ್ಣಕ್ಕೆ ತಿರುಗಿದ್ದಾದರೂ ಕಾಣುತ್ತಿತ್ತು. ಕಂಪೈಲರ್ ಚಕಾರ ಎತ್ತಲಿಲ್ಲ.

ಆ ಮೂರನೇ ಸಾಲಿನಲ್ಲಿ ಇದ್ದದ್ದು ಇಷ್ಟು: ಇದು ಕೊನೇ ಸಾಲಾಗಿದ್ದರೆ ಏನೂ ಮಾಡದೆ ವಾಪಸ್ ಬಾ.

ಮಾರನೇ ದಿನ ಅಪ್ಪ ಎರಡು ಗಂಟೆ ಕೂತು ಒಂದು ಲೇಖನ ಬರೆದರು. ಸೇವ್ ಮಾಡಿರಲಿಲ್ಲ. ಕೊನೇ ಸಾಲಿಗೆ ಬಂದು, ಕೈ ಅಭ್ಯಾಸಕ್ಕೆ, ಕೀ ಒತ್ತಿದರು. ಎಡಿಟರ್ ಇಲ್ಲದ ಸಾಲನ್ನು ಹುಡುಕಿಕೊಂಡು ಹೋಯಿತು, ಹೋದದ್ದು ಬರಲೇ ಇಲ್ಲ. ಪರದೆ ಮೇಲೆ ಏನೂ ಉಳಿಯಲಿಲ್ಲ.

"ಲೋಪ" ಅಂದರು ಅಪ್ಪ. ಅವತ್ತು ನನ್ನ ಹತ್ತಿರ ಬೇರೆ ಮಾತಾಡಲಿಲ್ಲ.

ಎಲ್ಲ ಸರಿಮಾಡಿದೆ. ಎಣಿಕೆ ತಿದ್ದಿದೆ, ಕಾವಲಿನ ಸಾಲನ್ನು ಟಿಪ್ಪಣಿಯಿಂದ ಬಿಡಿಸಿ ತಂದೆ, ನಿಮಿಷಕ್ಕೊಮ್ಮೆ ತಾನೇ ಸೇವ್ ಆಗುವ ಹಾಗೆ ಮಾಡಿದೆ. ಕೊನೇ ಸಾಲಿನಲ್ಲಿ ಈಗ ಎಷ್ಟು ಬೇಕಾದರೂ ಒತ್ತಬಹುದು ಅಂತ ಒತ್ತಿಯೂ ತೋರಿಸಿದೆ. ಅಪ್ಪ ತಲೆಯಾಡಿಸಿದರು, ನಂಬಲಿಲ್ಲ. ತಮ್ಮದೇ ಒಂದು ಭದ್ರತೆ ಮಾಡಿಕೊಂಡರು. ಯಾವ ಫೈಲ್ ಶುರುಮಾಡಿದರೂ ಕೊನೆಗೆ ಒಂದು ಸಾಲು ಬರೆದಿಡುತ್ತಾರೆ: "ಇಲ್ಲಿ ಒತ್ತಬೇಡ". ತಮಗೆ ತಾವೇ ಹೇಳಿಕೊಳ್ಳುವುದು. ಕಳಿಸುವ ಮುಂಚೆ ಅದನ್ನು ಅಳಿಸುತ್ತಾರೆ.

ಹೋದ ವಾರ ಹಳೇ ಶಿಷ್ಯನೊಬ್ಬನಿಗೆ ಪತ್ರ ಬರೆದರು. ಎರಡೆರಡು ಸಲ ಓದಿ ಕಳಿಸಿಯೂ ಬಿಟ್ಟರು. ಆ ಶಿಷ್ಯ ಗಾಬರಿಯಾಗಿ ನನಗೆ ಫೋನ್ ಮಾಡಿದ, ಮೇಷ್ಟ್ರಿಗೆ ನನ್ನ ಮೇಲೆ ಬೇಜಾರೇನಾದರೂ ಇದೆಯಾ ಅಂತ. ಪತ್ರ ತೆಗೆಸಿ ನೋಡಿದೆ. ಕೊನೆಯ ಸಾಲು ಹೀಗಿತ್ತು:

"ಇತಿ ನಿನ್ನ ಪ್ರೀತಿಯ ಮೇಷ್ಟ್ರು ಇಲ್ಲಿ ಒತ್ತಬೇಡ."

ಮಧ್ಯೆ ಸ್ಪೇಸ್ ಮಾತ್ರ ಸರಿಯಾಗಿ ಒಂದೇ ಬಂದಿತ್ತು.