ಮೊದಲು ಅಕೌಂಟ್ ಹುಡುಕಿ, ರೀಸೆಟ್ ಮಾತು ಆಮೇಲೆ

ಫೋನ್ ಲಾಕ್ ಆಗಿದೆ ಅಂತ ಯಾರೇ ಬಂದರೂ ನಾನು ಮೊದಲು ಹೇಳುವುದು ಒಂದೇ ಮಾತು. ದಯವಿಟ್ಟು ರೀಸೆಟ್, ಅಂದರೆ ಒಳಗಿದ್ದುದನ್ನೆಲ್ಲ ಅಳಿಸಿ ಹೊಸ ಫೋನಿನ ಹಾಗೆ ಮಾಡುವುದು, ಮಾಡಬೇಡಿ. ಯೂಟ್ಯೂಬ್ ನೋಡಿಕೊಂಡು ಪವರ್ ಬಟನ್ನು, ವಾಲ್ಯೂಮ್ ಬಟನ್ನು ಒಟ್ಟಿಗೆ ಒತ್ತಿ ಹಿಡಿಯಬೇಡಿ. ಅಂಗಡಿಗೆ ಹೋಗಿ "ಫಾರ್ಮ್ಯಾಟ್ ಹೊಡೆದುಕೊಡಿ" ಅನ್ನಬೇಡಿ. ಆದರೆ ಬಹಳಷ್ಟು ಜನ ನನ್ನ ಹತ್ತಿರ ಬರುವ ಹೊತ್ತಿಗೆ ಅದನ್ನು ಮಾಡಿಯೇ ಬಂದಿರುತ್ತಾರೆ. ಆಗ ಮೊದಲಿದ್ದ ತೊಂದರೆ ಒಂದಾದರೆ ಈಗ ಎರಡಾಗಿರುತ್ತದೆ. ಫೋಟೋ ಹೋಯಿತು, ಲಾಕ್ ಮಾತ್ರ ಹಾಗೇ ಇದೆ.

ಯಾಕೆ ಹೀಗಾಗುತ್ತದೆ ಅಂತ ಸರಿಯಾಗಿ ಹೇಳುವವರು ಕಡಿಮೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಂಡ್ರಾಯ್ಡ್ ಫೋನಿಗೆ ಇರುವುದು ಎರಡು ಬೀಗ. ಒಂದು ನಮಗೆಲ್ಲ ಕಾಣುವ ಸ್ಕ್ರೀನ್ ಲಾಕ್, ಅಂದರೆ ಪಿನ್, ಪ್ಯಾಟರ್ನ್, ಪಾಸ್‌ವರ್ಡ್. ಇನ್ನೊಂದು ಒಳಗಿರುವ ಗೂಗಲ್ ಅಕೌಂಟಿನ ಬೀಗ. ಅಂಗಡಿಯವರು ಇದನ್ನು ಎಫ್‌ಆರ್‌ಪಿ (ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್) ಲಾಕ್ ಅನ್ನುತ್ತಾರೆ. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಇದು ಇದೆ. ಲಾಕ್ ಆದ ಫೋನನ್ನು ಬಟನ್ ಒತ್ತಿ ರೀಸೆಟ್ ಮಾಡಿದರೆ, ಒಳಗಿದ್ದುದೆಲ್ಲ ಅಳಿಸಿಹೋದ ಮೇಲೂ ಫೋನು ಕೇಳುತ್ತದೆ: ಈ ಮೊದಲು ಇದರಲ್ಲಿ ಯಾವ ಅಕೌಂಟ್ ಇತ್ತು, ಅದನ್ನೇ ಹಾಕಿ. ಈಚಿನ ಫೋನುಗಳಲ್ಲಿ ಹಳೆಯ ಪಿನ್ ಹಾಕಿದರೂ ನಡೆಯುತ್ತದೆ. ಪಿನ್ ಗೊತ್ತಿಲ್ಲ, ಅಕೌಂಟೂ ಗೊತ್ತಿಲ್ಲ ಅಂದರೆ ಮುಂದಕ್ಕೆ ಹೋಗುವುದಿಲ್ಲ. ಇದು ಕೆಟ್ಟುಹೋಗಿರುವುದಲ್ಲ. ಫೋನು ಮಾಡಬೇಕಾದ್ದನ್ನೇ ಮಾಡುತ್ತಿದೆ.

"ಮೊದಲೆಲ್ಲ ಪ್ಯಾಟರ್ನ್ ಮರೆತರೆ ಜಿಮೇಲ್ ಹಾಕಿ ತೆಗೀಬಹುದಿತ್ತಲ್ಲಾ" ಅಂತ ಕೆಲವರು ಕೇಳುತ್ತಾರೆ. ನಿಜ, ಆಂಡ್ರಾಯ್ಡ್ 4.4ರ ತನಕ ಇತ್ತು. 5.0 ಬಂದಾಗ ಅದನ್ನು ತೆಗೆದರು. ಈಗ ಪಿನ್ ಮರೆತರೆ ಗೂಗಲ್ ಅಕೌಂಟ್ ಹಾಕಿ ಸ್ಕ್ರೀನ್ ಲಾಕ್ ತೆಗೆಯಲು ಆಗುವುದಿಲ್ಲ. ರೀಸೆಟ್ ಮಾಡಿದ ಮೇಲೆ ಫೋನನ್ನು ಮತ್ತೆ ಬಳಸಲು ಮಾತ್ರ ಆ ಅಕೌಂಟ್ ಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ತಪ್ಪು ದಾರಿ ಹಿಡಿಯುತ್ತಾರೆ.

ಪಿನ್ ಮರೆಯುವವರಲ್ಲಿ ಜಾಸ್ತಿ ಜನ ಬೆರಳಿಟ್ಟು ಫೋನ್ ತೆಗೆಯುವವರು. ವರ್ಷಗಟ್ಟಲೆ ಬೆರಳಲ್ಲೇ ತೆಗೆದಿರುತ್ತಾರೆ. ಒಂದು ದಿನ ಚಾರ್ಜ್ ಪೂರ್ತಿ ಇಳಿದು ಫೋನ್ ಆಫ್ ಆಗುತ್ತದೆ. ಆನ್ ಮಾಡಿದರೆ ಪಿನ್ ಕೇಳುತ್ತದೆ, ಬೆರಳು ಒಪ್ಪುವುದಿಲ್ಲ. ಆ ಹೊತ್ತಲ್ಲಿ ಒಂದು ಗಮನಿಸಿ. ಯಾರಾದರೂ ಕಾಲ್ ಮಾಡಿದರೆ ಹೆಸರು ಬರುವುದಿಲ್ಲ, ಬರೀ ನಂಬರ್ ಬರುತ್ತದೆ. ಫೋನ್ ಆನ್ ಆದ ಮೇಲೆ ಮೊದಲ ಸಲ ಪಿನ್ ಹಾಕುವ ತನಕ ನಿಮ್ಮ ಕಾಂಟ್ಯಾಕ್ಟ್ಸ್, ಫೋಟೋ, ಮೆಸೇಜ್ ಎಲ್ಲ ಗೂಢಲಿಪಿಯಲ್ಲೇ ಇರುತ್ತದೆ, ಫೋನಿಗೇ ಅದನ್ನು ಓದಲು ಬರುವುದಿಲ್ಲ. ಅದನ್ನು ಬಿಡಿಸುವ ಕೀಲಿ ಹುಟ್ಟುವುದು ನಿಮ್ಮ ಪಿನ್ ಸೇರಿದಾಗಲೇ. 2019ರ ಆಂಡ್ರಾಯ್ಡ್ 10ರ ಜೊತೆ ಮಾರುಕಟ್ಟೆಗೆ ಬಂದ ಫೋನುಗಳಿಗೆಲ್ಲ ಇದು ಕಡ್ಡಾಯ. ಹಾಗಾಗಿ "ಡೇಟಾ ಹೋಗದ ಹಾಗೆ ಲಾಕ್ ತೆಗೆದುಕೊಡ್ತೀನಿ, ಇಷ್ಟು ಕೊಡಿ" ಅಂತ ಬೀದಿಬದಿಯ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ದುಡ್ಡು ಕೊಡುವ ಮೊದಲು ಯೋಚಿಸಿ. ಹೊಸ ಫೋನುಗಳಲ್ಲಿ ಅದು ಆಗುವ ಮಾತಲ್ಲ.

ರೀಸ್ಟಾರ್ಟ್ ಆಗದಿದ್ದರೂ ಮೂರು ದಿನಕ್ಕೊಮ್ಮೆ, ಅಂದರೆ 72 ಗಂಟೆಗೊಮ್ಮೆ, ಫೋನು ಪಿನ್ ಕೇಳುತ್ತದೆ. ಇದರಿಂದ ಕಿರಿಕಿರಿ ಆಗುತ್ತದೆ ಅಂತ ದೂರುವವರಿದ್ದಾರೆ. ನನಗಂತೂ ಅದು ಒಳ್ಳೆಯದೇ ಅನ್ನಿಸುತ್ತದೆ, ಪಿನ್ ನೆನಪಲ್ಲಿ ಉಳಿಯುವುದೇ ಹಾಗೆ ಆಗಾಗ ಹಾಕುವುದರಿಂದ.

ಈಗ ಅಕೌಂಟಿನ ವಿಷಯ. ನಿಜವಾದ ಗೋಳು ಇರುವುದು ಇಲ್ಲೇ.

ನಮ್ಮ ಚಿಕ್ಕಮ್ಮನ ಫೋನ್ ಲಾಕ್ ಆಗಿತ್ತು. ಮಗ ಬಟನ್ ಒತ್ತಿ ರೀಸೆಟ್ ಮಾಡಿದ್ದ. ನನ್ನ ಕೈಗೆ ಬಂದಾಗ ಭಾಷೆ ಆರಿಸುವುದು, ವೈಫೈ ಹಾಕುವುದು ಎಲ್ಲ ಮುಗಿದು ಹಳೆಯ ಅಕೌಂಟ್ ಕೇಳುವ ಪುಟದಲ್ಲಿ ನಿಂತಿತ್ತು. "ಚಿಕ್ಕಮ್ಮಾ, ನಿಮ್ಮ ಜಿಮೇಲ್ ಐಡಿ ಏನು?" ಅಂದೆ. "ನಂಗೆಲ್ಲಿ ಗೊತ್ತಪ್ಪಾ, ಅಂಗಡಿ ಹುಡುಗ ಏನೋ ಹಾಕಿಕೊಟ್ಟ" ಅಂದರು. ಬಾಕ್ಸ್ ತೆಗೆಸಿದೆ, ಬಿಲ್ ತೆಗೆಸಿದೆ. ಬಿಲ್ಲಿನಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಇದೆ, ಜಿಎಸ್‌ಟಿ ಇದೆ, ಕವರ್ ಮತ್ತು ಗ್ಲಾಸ್‌ನ ದುಡ್ಡೂ ಬೇರೆ ಬೇರೆ ಬರೆದಿದ್ದಾರೆ. ಐಡಿ ಮಾತ್ರ ಎಲ್ಲೂ ಇಲ್ಲ.

ಕೊನೆಗೆ ಅದು ಸಿಕ್ಕಿದ್ದು ಅವರ ಮನೆಯ ಟಿವಿಯಲ್ಲಿ. ಮೊಮ್ಮಗಳಿಗೆ ಹಾಡು ಹಾಕಲು ಅಂತ ಆಂಡ್ರಾಯ್ಡ್ ಟಿವಿಗೆ ಅದೇ ಫೋನಿನಿಂದ ಲಾಗಿನ್ ಮಾಡಿದ್ದರು. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಅಂತ ಇರುವಲ್ಲಿ ನೋಡಿದರೆ ಐಡಿ ಪೂರ್ತಿ ಕಾಣಿಸಿತು. ಚಿಕ್ಕಮ್ಮನ ಹೆಸರಿನ ಒಂದಕ್ಷರವೂ ಅದರಲ್ಲಿರಲಿಲ್ಲ. ಫೋನಿನ ಮಾಡೆಲ್ ಹೆಸರು, ಹಿಂದೆ ಒಂದಷ್ಟು ಅಂಕಿ. ಸದ್ಯ, ರಿಕವರಿ ನಂಬರ್, ಅಂದರೆ ಪಾಸ್‌ವರ್ಡ್ ಮರೆತಾಗ ಓಟಿಪಿ ಬರುವ ನಂಬರ್, ಅವರದ್ದೇ ಇತ್ತು. ಅವರ ಸಿಮ್ಮನ್ನು ಮಗನ ಫೋನಿಗೆ ಹಾಕಿ, ಓಟಿಪಿ ತರಿಸಿ, ಹೊಸ ಪಾಸ್‌ವರ್ಡ್ ಮಾಡಿ, ಒಂದು ದಿನ ಬಿಟ್ಟು ಲಾಗಿನ್ ಮಾಡಿದೆವು. ಫೋಟೋಗಳ ಬ್ಯಾಕಪ್ ಆನ್ ಇತ್ತು. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಕೂಡ ಇದೇ ಗೂಗಲ್ ಅಕೌಂಟಿಗೆ ಹೋಗುತ್ತದೆ. ಹಾಗಾಗಿ ಚಿಕ್ಕಪ್ಪನ ಹಳೆಯ ವಾಯ್ಸ್ ಮೆಸೇಜ್‌ಗಳೂ ವಾಪಸ್ ಬಂದವು. ಚಿಕ್ಕಪ್ಪ ಈಗ ಇಲ್ಲ. ಚಿಕ್ಕಮ್ಮನಿಗೆ ಬೇಕಾಗಿದ್ದುದು ಆ ಮೆಸೇಜ್‌ಗಳೇ, ಫೋನಲ್ಲ.

ಆ ನಂಬರ್ ಅಂಗಡಿ ಹುಡುಗನದ್ದಾಗಿದ್ದರೆ? ಹಾಗೂ ಇರುತ್ತದೆ, ನಾನು ನೋಡಿದ್ದೇನೆ. ಗಿರಾಕಿ ಫೋನ್ ಕೊಳ್ಳುತ್ತಾರೆ, ಸೆಟಪ್ ಬೇಗ ಮುಗಿಯಲಿ ಅಂತ ಅಂಗಡಿಯಲ್ಲೇ ಒಂದು ಅಕೌಂಟ್ ಮಾಡಿ, ತೋಚಿದ ಪಾಸ್‌ವರ್ಡ್ ಹಾಕಿ, ಪ್ಲೇಸ್ಟೋರ್ ತೆರೆದು ಕೊಟ್ಟುಬಿಡುತ್ತಾರೆ. ಕೆಲವು ಕಡೆ ತಮ್ಮದೇ ಓಟಿಪಿ ನಂಬರ್. ಅಂಗಡಿಯವರಿಗೂ ಗಡಿಬಿಡಿ, ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಅದು ಅರ್ಥವಾಗುತ್ತದೆ. ಆದರೂ ಇದು ತಪ್ಪು. ಹದಿನೈದು ಸಾವಿರದ ಫೋನು ಮಾರಿ ಅದರ ಕೀಲಿಯನ್ನೇ ಕೊಡದೆ ಕಳಿಸುವುದು ಯಾವ ವ್ಯಾಪಾರ? ಐಡಿ ಮತ್ತು ರಿಕವರಿ ನಂಬರನ್ನು ಬಿಲ್ಲಿನ ಹಿಂದೆ ಬರೆದುಕೊಡುವುದಕ್ಕೆ ಒಂದು ನಿಮಿಷ ಸಾಕು. ಪಾಸ್‌ವರ್ಡನ್ನು ಗಿರಾಕಿಯ ಕೈಯಲ್ಲೇ ಟೈಪ್ ಮಾಡಿಸಲಿ. ಓದು ಬರಹ ಅಷ್ಟಾಗಿ ಬಾರದವರಾದರೆ ಮನೆಯವರನ್ನು ಕರೆದುಕೊಂಡು ಬನ್ನಿ ಅನ್ನಲಿ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾಗಿದ್ದರೆ, ಐಡಿ ಹುಡುಕುವ ಜಾಗಗಳು ಬಹಳ ಇವೆ. ಟಿವಿ ಆಯಿತು. ಮಕ್ಕಳ ಲ್ಯಾಪ್‌ಟಾಪಿನ ಕ್ರೋಮ್ ನೋಡಿ, ಹಳೆಯ ಫೋನ್ ಅಟ್ಟದ ಮೇಲಿದ್ದರೆ ಇಳಿಸಿ ಚಾರ್ಜಿಗೆ ಹಾಕಿ. ರೈಲು ಟಿಕೆಟ್ ಬುಕ್ ಮಾಡಿದ್ದರೆ, ಬ್ಯಾಂಕಿಗೆ ಇಮೇಲ್ ಕೊಟ್ಟಿದ್ದರೆ ಅಲ್ಲಿ ಇರಬಹುದು. ಯಾವುದೂ ಇಲ್ಲದಿದ್ದರೆ ಬೇರೆ ಫೋನಿನಲ್ಲಿ ಗೂಗಲ್ ಲಾಗಿನ್ ಪುಟ ತೆರೆದು "ಇಮೇಲ್ ಮರೆತಿರುವಿರಾ" ಅನ್ನುವುದನ್ನು ಒತ್ತಿ. ರಿಕವರಿ ನಂಬರ್ ಮತ್ತು ಅಕೌಂಟಿನಲ್ಲಿರುವ ಹೆಸರು ಕೇಳುತ್ತದೆ. ಅಂಗಡಿಯವರು ಹೆಸರಿನ ಜಾಗದಲ್ಲಿ ಏನೇನೋ ಹಾಕಿರುತ್ತಾರಲ್ಲ, ಅದರಿಂದ ಇಲ್ಲೂ ಪೇಚಾಟ. ಪುಟದ ಕೆಳಗೆ ಭಾಷೆ ಬದಲಿಸುವ ಜಾಗವಿದೆ, ಕನ್ನಡವೂ ಇದೆ.

ಐಡಿ ಸಿಕ್ಕಿ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಆತುರ ಬೇಡ. ಬಸ್ಸಿನಲ್ಲಿ ಕೂತು, ಗೆಳೆಯನ ಫೋನಿನಲ್ಲಿ, ಮೇಲಿಂದ ಮೇಲೆ ಟ್ರೈ ಮಾಡಬೇಡಿ. ಆ ಅಕೌಂಟನ್ನು ಯಾವ ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ, ಯಾವ ಜಾಗದಲ್ಲಿ ಯಾವಾಗಲೂ ಬಳಸುತ್ತಿದ್ದರೋ ಅಲ್ಲೇ ಕೂತು ಮಾಡಿ, ಮನೆಯ ವೈಫೈನಲ್ಲಿ. ಅದನ್ನೂ ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಳೆಯ ಪಾಸ್‌ವರ್ಡ್ ಕೇಳಿದರೆ ಖಾಲಿ ಬಿಡಬೇಡಿ, ನೆನಪಿರುವಷ್ಟು ಹಾಕಿ. ಕೆಲವು ಸಲ "ಇಷ್ಟು ಹೊತ್ತು ಕಾಯಿರಿ" ಅನ್ನುತ್ತದೆ, ಗಂಟೆಗಳೂ ಆಗಬಹುದು, ದಿನಗಳೂ ಆಗಬಹುದು. ಕಾಯಿರಿ. ಪದೇ ಪದೇ ತಪ್ಪು ಹಾಕುತ್ತಾ ಹೋದರೆ ದಾರಿ ಇನ್ನೂ ಉದ್ದವಾಗುತ್ತದೆ. ಪಾಸ್‌ವರ್ಡ್ ಬದಲಿಸಿದ ಮೇಲೆ ರೀಸೆಟ್ ಮಾಡಲೇಬೇಕಾದರೆ 24 ಗಂಟೆ ಬಿಟ್ಟು ಮಾಡಿ ಅಂತ ಗೂಗಲ್ಲೇ ಹೇಳುತ್ತದೆ. ಇದು ಗೊತ್ತಿಲ್ಲದೆ ಬೆಳಿಗ್ಗೆ ಪಾಸ್‌ವರ್ಡ್ ಬದಲಿಸಿ ಮಧ್ಯಾಹ್ನ ರೀಸೆಟ್ ಮಾಡಿ, ಸರಿಯಾದ ಪಾಸ್‌ವರ್ಡ್ ಹಾಕಿದರೂ ತಗೊಳ್ತಿಲ್ಲ ಅಂತ ಅತ್ತವರಿದ್ದಾರೆ.

ಇಂಥ ಹೊತ್ತಲ್ಲೇ ಜನ "ಗೂಗಲ್ ಕಸ್ಟಮರ್ ಕೇರ್ ನಂಬರ್" ಅಂತ ಹುಡುಕುತ್ತಾರೆ. ಇದನ್ನು ಜೋರಾಗಿ ಹೇಳಬೇಕು. ಮರೆತ ಜಿಮೇಲ್ ಪಾಸ್‌ವರ್ಡ್ ಸರಿಮಾಡಿಕೊಡುವ ಫೋನ್ ನಂಬರ್ ಗೂಗಲ್‌ಗೆ ಇಲ್ಲ. ಇಂಥ ಸೇವೆ ಕೊಡ್ತೀವಿ ಅನ್ನುವ ಯಾರ ಜೊತೆಗೂ ತಾನು ಕೆಲಸ ಮಾಡುವುದಿಲ್ಲ ಅಂತಲೂ ಅದು ಹೇಳಿದೆ. ನಿಮಗೆ ಸಿಗುವ ನಂಬರ್ ಕಳ್ಳರದ್ದು. ನಯವಾಗಿ ಮಾತಾಡುತ್ತಾರೆ, ಓಟಿಪಿ ಕೇಳುತ್ತಾರೆ, ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಹಾಕಿಸುತ್ತಾರೆ, ಆಮೇಲೆ ಬ್ಯಾಂಕಿನ ದುಡ್ಡು ಹೋಗುತ್ತದೆ. ಹಾಗೆ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ದೊಡ್ಡ ತೊಂದರೆ ಸಿಮ್ಮಿನದ್ದು. ರೀಚಾರ್ಜ್ ದುಬಾರಿ ಆಯಿತು ಅಂತ ಎರಡನೇ ನಂಬರ್ ಬಿಟ್ಟುಬಿಡುವವರು ಈಗ ಬಹಳ. ಆ ನಂಬರ್ ಜಿಮೇಲ್ ರಿಕವರಿಗೆ ಇತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ನಂಬರ್ ಬಂದ್ ಆಗಿ 90 ದಿನ ಕಳೆದ ಮೇಲೆ ಅದನ್ನು ಕಂಪನಿ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಓಟಿಪಿ ಹೋಗುವುದು ಯಾರೋ ಗುರುತಿಲ್ಲದವರಿಗೆ. ನಂಬರ್ ಬಿಡುವ ಮೊದಲು ಅಕೌಂಟಿನಲ್ಲಿ ಬದಲಿಸಿ. ಹಾಗೇ ಎರಡು ವರ್ಷ ಮುಟ್ಟದೇ ಬಿಟ್ಟ ಅಕೌಂಟನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ. ತೀರಿಕೊಂಡ ತಂದೆಯ ಫೋಟೋಗಳು ಅವರ ಅಕೌಂಟಿನಲ್ಲೇ ಇವೆ, ಯಾವಾಗಲಾದರೂ ತೆಗೆದುಕೊಂಡರಾಯಿತು ಅಂತ ಬಿಟ್ಟವರು ಇದನ್ನು ಗಮನಿಸಬೇಕು. ಬದುಕಿರುವಾಗಲೇ, ನಾನು ಇಷ್ಟು ತಿಂಗಳು ಬಳಸದಿದ್ದರೆ ಇಂಥವರಿಗೆ ಕೊಡಿ ಅಂತ ಬರೆದಿಡುವ ವ್ಯವಸ್ಥೆ ಅಕೌಂಟಿನ ಸೆಟ್ಟಿಂಗ್ಸ್‌ನಲ್ಲೇ ಇದೆ. ಇದರ ಬಗ್ಗೆ ಮನೆಯಲ್ಲಿ ಮಾತಾಡುವುದು ಕಷ್ಟ, ಆದರೂ ಮಾತಾಡಿ.

2025ರಲ್ಲಿ ಗೂಗಲ್ ಇನ್ನೊಂದು ಒಳ್ಳೆಯ ಕೆಲಸ ಮಾಡಿದೆ. ನಂಬಿಕೆಯ ನೆಂಟರನ್ನೋ ಸ್ನೇಹಿತರನ್ನೋ ರಿಕವರಿ ಕಾಂಟ್ಯಾಕ್ಟ್ ಅಂತ ಸೇರಿಸಬಹುದು. ನಿಮಗೆ ಲಾಗಿನ್ ಆಗದಿದ್ದಾಗ ನೀವು ನೀವೇ ಅಂತ ಅವರು ಹೇಳಬಹುದು, ನಿಮ್ಮ ಅಕೌಂಟಿನ ಒಳಗೆ ಅವರು ಇಣುಕಲು ಆಗುವುದಿಲ್ಲ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದು ಅಪ್ಪ ಅಮ್ಮ ಮಾತ್ರ ಊರಲ್ಲಿರುವ ಮನೆಗಳಿಗೆ ಇದು ಹೇಳಿ ಮಾಡಿಸಿದ್ದು. ಮುಂದಿನ ಸಲ ಊರಿಗೆ ಹೋದಾಗ ಮಾಡಿಕೊಟ್ಟು ಬನ್ನಿ.

ಈ ಬೀಗವೇ ಬೇಡ, ಸುಮ್ನೆ ಜನರಿಗೆ ಹಿಂಸೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಟನ್ ಒತ್ತಿ ಬಳಸುವ ಹಾಗಿದ್ದರೆ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕದ್ದ ಫೋನು ಸಂಜೆಯೊಳಗೆ ಮಾರಾಟವಾಗುತ್ತದೆ. ಎಫ್‌ಆರ್‌ಪಿ ಬೈಪಾಸ್ ಅಂತ ವೀಡಿಯೋ ಮಾಡುವವರು ಒಂದು ತೂತು ಹುಡುಕಿದರೆ ಮುಂದಿನ ಅಪ್‌ಡೇಟಿನಲ್ಲಿ ಅದನ್ನು ಮುಚ್ಚುತ್ತಾರೆ. 2024ರ ಆಂಡ್ರಾಯ್ಡ್ 15ರಲ್ಲಂತೂ ಸೆಟಪ್ ಪುಟ ದಾಟಿಕೊಂಡು ಹೋದರೂ ಹೊಸ ಅಕೌಂಟ್ ಸೇರಿಸಲು, ಆ್ಯಪ್ ಹಾಕಲು ಬಿಡುವುದಿಲ್ಲ. ಇದು ಹೀಗೇ ಗಟ್ಟಿಯಾಗಿರಬೇಕು. ಬದಲಾಗಬೇಕಾದ್ದು ಬೀಗ ಅಲ್ಲ, ಕೀಲಿ ಯಾರ ಕೈಯಲ್ಲಿದೆ ಅನ್ನುವುದು.

ಸೆಕೆಂಡ್ ಹ್ಯಾಂಡ್ ಫೋನ್ ತೆಗೆದುಕೊಳ್ಳುವವರಿಗೂ ಎರಡು ಮಾತು, ಏಕೆಂದರೆ ಈ ಬೀಗಕ್ಕೆ ಸಿಕ್ಕಿಬೀಳುವವರಲ್ಲಿ ಅವರೂ ಬಹಳ. ಮಾರುವವರ ಎದುರಿಗೇ ಸೆಟ್ಟಿಂಗ್ಸ್‌ನಲ್ಲಿ ಅವರ ಗೂಗಲ್ ಅಕೌಂಟ್ ತೆಗೆಸಿ, ಆಮೇಲೆ ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿಸಿ. ಬಟನ್ ಒತ್ತಿ ಮಾಡುವುದು ಬೇಡ. ಫೋನು ಆನ್ ಆಗಿ, ನಿಮ್ಮ ಅಕೌಂಟ್ ಹಾಕಿ, ಮೊದಲ ಪುಟ ಬರುವ ತನಕ ದುಡ್ಡು ಕೊಡಬೇಡಿ. *#06# ಒತ್ತಿದರೆ ಐಎಂಇಐ ಬರುತ್ತದೆ, ಬಿಲ್ಲಿನಲ್ಲಿರುವುದರ ಜೊತೆ ತಾಳೆ ನೋಡಿ. ಕದ್ದದ್ದು ಅಂತ ಬ್ಲಾಕ್ ಆಗಿದೆಯಾ ಅನ್ನುವುದನ್ನು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ನೋಡಬಹುದು. ಬಿಲ್ಲಿಲ್ಲ, ಬಾಕ್ಸಿಲ್ಲ, ಅಕೌಂಟ್ ತೆಗೆಯಲು ಪಾಸ್‌ವರ್ಡ್ ನೆನಪಿಲ್ಲ ಅಂದರೆ ಎಷ್ಟೇ ಅಗ್ಗವಾದರೂ ಆ ಫೋನ್ ಬಿಟ್ಟು ಬನ್ನಿ.