ಬಾಹ್ಯಾಕಾಶ ನಿಲ್ದಾಣಕ್ಕೆ ಓಸಿ ಸಿಗುತ್ತಾ?

‘ಸ್ಪೇಸ್ ಇಂಜಿನಿಯರ್ಸ್’ ಅಂತ ಒಂದು ವಿಡಿಯೋ ಗೇಮ್ ಇದೆ. ಪ್ರಾಗ್‌ನ ಕೀನ್ ಸಾಫ್ಟ್‌ವೇರ್ ಹೌಸ್ 2013ರಲ್ಲಿ ಹೊರತಂದದ್ದು. ಎರಡೂವರೆ ಮೀಟರ್ ಅಳತೆಯ ಬ್ಲಾಕುಗಳನ್ನು ವೆಲ್ಡ್ ಮಾಡುತ್ತಾ ಹೋದರೆ ಆಕಾಶದಲ್ಲಿ ನಿಮ್ಮದೇ ಒಂದು ನಿಲ್ದಾಣ. ಅದು ಕಟ್ಟಿದ ಜಾಗದಿಂದ ಅಲ್ಲಾಡುವುದಿಲ್ಲ. ಅಲ್ಲಾಡಬೇಕು ಅಂತಿದ್ದರೆ ಕಂಟ್ರೋಲ್ ಪ್ಯಾನೆಲ್ ತೆರೆದು, ನಿಲ್ದಾಣವನ್ನು ನೌಕೆ ಮಾಡುವ ಬಟನ್ ಒತ್ತಬೇಕು. ನೌಕೆಯನ್ನು ತಳ್ಳುವ ಥ್ರಸ್ಟರ್ ಇದ್ದರೆ ಆಯಿತು, ಹಾಸಿಗೆ, ಆಕ್ಸಿಜನ್ ಟ್ಯಾಂಕು, ಬಾಗಿಲು ಸಮೇತ ಇಡೀ ಮನೆ ಹೊರಟಿತು. ಯಾರ ಸಹಿಯೂ ಬೇಡ, ಓಸಿ, ಅಂದರೆ ಇಲ್ಲಿ ವಾಸ ಮಾಡಬಹುದು ಅನ್ನುವ ಪಾಲಿಕೆಯ ಪ್ರಮಾಣಪತ್ರವೂ ಬೇಡ.

ಇದನ್ನು ಮಾಡಿದವರು ಮುಂಬೈ ನೋಡಿಲ್ಲ ಅನ್ನುವುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಮುಲುಂಡ್‌ನ ನಮ್ಮ ಸೊಸೈಟಿಯಲ್ಲಿ ಅರ್ಧಕ್ಕರ್ಧ ಕನ್ನಡದವರು. ಉಡುಪಿ ಕಡೆಯ ಹೋಟೆಲಿನವರು, ಧಾರವಾಡ ಕಡೆಯ ಬ್ಯಾಂಕ್ ರಿಟೈರ್ಡ್‌ಗಳು. ಹಳೇ ಕಟ್ಟಡ ಕೆಡವಿ ಬಿಲ್ಡರ್‌ನಿಂದ ಹೊಸತು ಕಟ್ಟಿಸುವ ರಿಡೆವಲಪ್‌ಮೆಂಟ್ ಮಾತು ಶುರುವಾದಾಗ ಹುಟ್ಟಿದ ಮಕ್ಕಳು ಈಗ ಬಿಲ್ಡರ್‌ಗೆ ಇಮೇಲ್ ಬರೆಯುತ್ತಿದ್ದಾರೆ. ಚಾವಣಿಯ ಪ್ಲಾಸ್ಟರ್ ಮಾತ್ರ ಯಾರನ್ನೂ ಕಾಯದೆ, ತನಗೆ ತೋಚಿದಾಗ ಕೆಳಗೆ ಬರುತ್ತದೆ. ಇಂಥ ಹೊತ್ತಿನಲ್ಲಿ ಮೂರನೇ ಮಹಡಿಯ ಹೋಟೆಲ್ ಅಣ್ಣನ ಮಗ ಟೆರೇಸಿನ ಸಭೆಗೆ ಲ್ಯಾಪ್‌ಟಾಪ್ ಹೊತ್ತು ಬಂದ. ಆ ಗೇಮಿನಲ್ಲಿ ನಮ್ಮ ಕಟ್ಟಡವನ್ನೇ ಕಟ್ಟಿದ್ದ. ಗ್ರಿಲ್ ಹಾಕಿ ಒಳಗೆ ಸೇರಿಸಿಕೊಂಡ ಬಾಲ್ಕನಿಗಳು, ಬಾಗಿದ ಪೈಪು, ಎರಡನೇ ಮಹಡಿಯ ಅಜ್ಜಿಯ ತುಳಸಿ ಡಬ್ಬ ಸಹಿತ. ಬಟನ್ ಒತ್ತಿದ. ಸೊಸೈಟಿ ನೆಲ ಬಿಟ್ಟು ಮೇಲೆದ್ದಿತು.

ಯಾರಾದರೂ ಚಪ್ಪಾಳೆ ತಟ್ಟಬಹುದಿತ್ತು. ಚೇರ್ಮನ್ನರು ಗೋಳಿಬಜೆ ಕೆಳಗಿಟ್ಟು ಕೇಳಿದರು: “ಎಲ್ಲ ಸರಿ ಮಾರಾಯ, ಕಾರ್ಪೆಟ್ ಏರಿಯಾ ಎಷ್ಟು ಉಂಟು?”

ಅಲ್ಲಿಂದ ಸಭೆ ಗಂಭೀರವಾಯಿತು. ಗ್ರ್ಯಾವಿಟಿ ಜನರೇಟರ್ ಬಂದ್ ಮಾಡಿದರೆ ಗೋಡೆಯೂ ನೆಲವೇ, ಸೂರೂ ನೆಲವೇ ಅಂತ ಹುಡುಗ ವಿವರಿಸಿದ. ಹಾಗಾದರೆ ಬಿಲ್ಡರ್ ಆರೂ ಮೈಗೆ ರೇಟು ಹಾಕುತ್ತಾನೆ ಅಂತ ಖಜಾಂಚಿ ಬೆವರಿದರು. ಎತ್ತರಕ್ಕೆ ವಿಮಾನ ನಿಲ್ದಾಣದ ಎನ್‌ಓಸಿ ಬೇಕಲ್ಲ, ಅರ್ಜಿಯಲ್ಲಿ ಸಮುದ್ರಮಟ್ಟದಿಂದ 400 ಕಿಲೋಮೀಟರ್ ಅಂತ ಬರೆದರೆ ಒಪ್ಪುತ್ತಾರಾ? ನೀರಿನ ಬಿಲ್ಲು ನಮ್ಮ ಮುಲುಂಡ್‌ನ ಟಿ ವಾರ್ಡಿಗೇ ಕಟ್ಟಬೇಕಾ, ಅಥವಾ ಆ ಹೊತ್ತಿಗೆ ಕೆಳಗೆ ಯಾವ ವಾರ್ಡ್ ಇರುತ್ತದೋ ಅದಕ್ಕಾ? ಮಳೆಕೊಯ್ಲು ಕಡ್ಡಾಯ. ಮಳೆ ಇಲ್ಲದ ಕಡೆಯೂ ಕಡ್ಡಾಯವೇ, ನಿಯಮ ಅಂದರೆ ನಿಯಮ. ಧಾರವಾಡದ ಕಾಕಾ ಅಲ್ಲಿಯತನಕ ಸುಮ್ನೆ ಕೂತಿದ್ದರು. ನಿಲ್ದಾಣ ಒಂದೂವರೆ ತಾಸಿಗೆ ಒಮ್ಮೆ ಭೂಮಿ ಸುತ್ತುತ್ತದೆ ಅಂದಾಗ ಎದ್ದು ನಿಂತರು. “ಅಲ್ಲೋ ತಮ್ಮಾ, ದಿನಕ್ಕ ಹದಿನಾರು ಸಲ ಸೂರ್ಯ ಹುಟ್ಟಿದ್ರ ಸಂಧ್ಯಾವಂದನಿ ಎಷ್ಟ ಸಲ ಮಾಡಬೇಕು?”

ನಗಬೇಡಿ. ಮುಂಬೈಯಲ್ಲಿ ಹಾರುವ ವಸ್ತು ಇಲ್ಲವೇ ಇಲ್ಲ ಅಂತಲ್ಲ. ಟಿಡಿಆರ್ ಇದೆಯಲ್ಲ. ರಸ್ತೆಗೋ ಮೈದಾನಕ್ಕೋ ಜಾಗ ಬಿಟ್ಟುಕೊಟ್ಟವರಿಗೆ ದುಡ್ಡಿನ ಬದಲು ಕಟ್ಟುವ ಹಕ್ಕನ್ನೇ ಕಾಗದದ ಮೇಲೆ ಕೊಡುತ್ತಾರೆ. ಆ ಚದರಡಿಗಳು ಗಾಳಿಯಲ್ಲಿ ತೇಲಿಬಂದು ಬೇರೆ ಯಾರದೋ ಕಟ್ಟಡದ ನೆತ್ತಿಯ ಮೇಲೆ ಇಳಿಯುತ್ತವೆ. 1991ರ ನಿಯಮದಲ್ಲಿ ಅವು ಹೆಚ್ಚಾಗಿ ಉತ್ತರಕ್ಕೇ ಹಾರಬೇಕಿತ್ತು. ಗೇಮ್ ಆಡಿದವರಿಗೆ ಈ ತಪ್ಪು ತಕ್ಷಣ ಗೊತ್ತಾಗುತ್ತದೆ. ಹೊಸಬರು ನೌಕೆಯ ಹಿಂದುಗಡೆ ಮಾತ್ರ ಥ್ರಸ್ಟರ್ ಕೂರಿಸುತ್ತಾರೆ. ಮುಂದಕ್ಕೆ ಚೆನ್ನಾಗಿಯೇ ಹೋಗುತ್ತದೆ, ನಿಲ್ಲಿಸೋಣ ಅಂದರೆ ಎದುರು ದಿಕ್ಕಿನ ಥ್ರಸ್ಟರೇ ಇಲ್ಲ. ಹೋಗಿ ಬಂಡೆಗೆ ಬಡಿಯುತ್ತದೆ. ನಮ್ಮಲ್ಲಿ ದಕ್ಷಿಣದ ಚದರಡಿಗಳು ಬಾಂದ್ರಾ, ಅಂಧೇರಿ, ಬೊರಿವಲಿಗೆ ಬಂದು ಬಡಿದವು. ಅದಕ್ಕೇ ಅಲ್ಲಿನ ಗಲ್ಲಿಗಳಲ್ಲಿ ರಿಕ್ಷಾ ತಿರುಗಿಸಲೂ ಜಾಗವಿಲ್ಲ.

ತಂದು ಜೋಡಿಸುವ ಕಟ್ಟಡವೂ ಈ ಊರಿಗೆ ಹೊಸತಲ್ಲ. ಕಾಲಾಘೋಡಾದ ವಾಟ್ಸನ್ಸ್ ಹೋಟೆಲ್, ಈಗಿನ ಎಸ್‌ಪ್ಲನೇಡ್ ಮ್ಯಾನ್ಶನ್, ಅದರ ಕಬ್ಬಿಣದ ಚೌಕಟ್ಟು ತಯಾರಾದದ್ದು ಇಂಗ್ಲೆಂಡಿನಲ್ಲಿ. ತುಂಡು ತುಂಡಾಗಿ ಹಡಗಿನಲ್ಲಿ ಬಂತು, 1860ರ ದಶಕದಲ್ಲಿ ಇಲ್ಲಿ ಜೋಡಿಸಿ ನಿಲ್ಲಿಸಿದರು. 1896ರಲ್ಲಿ ಲುಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ತೋರಿಸಿದ್ದೂ ಅಲ್ಲೇ. ಅಂದರೆ ಸಮುದ್ರ ದಾಟಿ ಕಟ್ಟಡ ತರುವುದು ಆಗಲೇ ನಮಗೆ ಗೊತ್ತಿತ್ತು. ಅದನ್ನು ರಿಪೇರಿ ಮಾಡುವುದು ಮಾತ್ರ ಇನ್ನೂ ಗೊತ್ತಾಗಿಲ್ಲ. 2019ರಲ್ಲಿ ಅಲ್ಲಿದ್ದವರನ್ನು ಖಾಲಿ ಮಾಡಿಸಿದರು.

ನಿಜವಾದ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಜೊತೆ ಹೋಲಿಸಿದರೆ ಇನ್ನೂ ಮಜಾ. ಅದರ ಮೊದಲ ತುಂಡು ಮೇಲೆ ಹೋದದ್ದು 1998ರಲ್ಲಿ. ಕೊಳೆಗೇರಿಯವರಿಗೆ ಮನೆ ಕಟ್ಟಿಸುವ ನಮ್ಮ ಎಸ್‌ಆರ್‌ಎ ಅದಕ್ಕೂ ಮೊದಲಿನದು, 1995ರದ್ದು. ನಿಲ್ದಾಣದಲ್ಲಿ 2000ದ ನವೆಂಬರಿನಿಂದ ಜನ ವಾಸ ಇದ್ದಾರೆ, ಒಂದು ದಿನವೂ ಖಾಲಿ ಬಿದ್ದಿಲ್ಲ. ಧಾರಾವಿ ಕೊಳೆಗೇರಿಯನ್ನು ಹೊಸದಾಗಿ ಕಟ್ಟುವ ಯೋಜನೆಗೆ ಸರ್ಕಾರ ಒಪ್ಪಿಗೆ ಕೊಟ್ಟದ್ದು 2004ರಲ್ಲಿ. ಈಗ ನಿಲ್ದಾಣಕ್ಕೆ ವಯಸ್ಸಾಯಿತು ಅಂತ ಈ ದಶಕ ಮುಗಿಯುವಾಗ ಸಮುದ್ರಕ್ಕೆ ಇಳಿಸುವ ತಯಾರಿ ನಡೆದಿದೆ. ಕಟ್ಟಿದ್ದೂ ಆಯಿತು, ಬಾಳಿದ್ದೂ ಆಯಿತು, ಕೆಡವುವ ಲೆಕ್ಕವೂ ಆಯಿತು. ಧಾರಾವಿಯಲ್ಲಿ ಇನ್ನೂ ಯಾರು ಅರ್ಹರು, ಯಾರು ಅನರ್ಹರು ಅನ್ನುವ ಜಗಳ.

ವರ್ಲಿಯ ಬಿಡಿಡಿ ಚಾಳಿನವರಿಗೆ, ಅಂದರೆ ಬ್ರಿಟಿಷರ ಕಾಲದ ಒಂದೊಂದೇ ಖೋಲಿಯ ವಠಾರದವರಿಗೆ, ಕೀಲಿ ಸಿಕ್ಕಿತಲ್ಲ ಅನ್ನುತ್ತೀರಿ. ಸಿಕ್ಕಿತು, ಸುಳ್ಳಲ್ಲ. 2017ರಲ್ಲಿ ಭೂಮಿಪೂಜೆ, 2025ರ ಆಗಸ್ಟಿನಲ್ಲಿ 556 ಮನೆಗಳ ಕೀಲಿ. 160 ಚದರಡಿಯಲ್ಲಿ ಮೂರು ತಲೆಮಾರು ಕಳೆದವರು 500 ಚದರಡಿಗೆ ಬಂದರು. ಸಂತೋಷವೇ. ಅಲ್ಲಿ ಎಷ್ಟು ಕಟ್ಟಡ ಬಾಕಿ ಅಂತ ಮಾತ್ರ ಆ ದಿನ ಕೇಳಬಾರದು.

ಇನ್ನು ಟ್ರಾನ್ಸಿಟ್ ಕ್ಯಾಂಪ್. ಇದನ್ನು ಗೇಮ್ ಮಾಡಿದವರು ಬಂದು ನೋಡಲೇಬೇಕು. ಹಳೇ ಕಟ್ಟಡ ಬೀಳುತ್ತದೆ ಅಂತ ಗಿರ್‌ಗಾಂವ್, ಲಾಲ್‌ಬಾಗ್‌ನವರನ್ನು ಎಬ್ಬಿಸಿ, “ಸ್ವಲ್ಪ ದಿನ ಅಷ್ಟೇ” ಅಂತ ದೂರದ ಉಪನಗರದ ಕ್ಯಾಂಪಿಗೆ ಕಳಿಸುತ್ತಾರೆ. ಆ ಸ್ವಲ್ಪ ದಿನ ದಶಕಗಳಾಗುತ್ತವೆ. ಅಲ್ಲಿ ಹುಟ್ಟಿದವರು ಅಲ್ಲೇ ಶಾಲೆ ಮುಗಿಸಿ, ಅಲ್ಲೇ ಸಂಸಾರ ಹೂಡುತ್ತಾರೆ. ಕೊನೆಗೆ ಟ್ರಾನ್ಸಿಟ್ ಕ್ಯಾಂಪೇ ಬೀಳುವ ಹಾಗಾಗುತ್ತದೆ. ಆಗ ಅಲ್ಲಿನವರನ್ನು ಕಳಿಸಲು ಇನ್ನೊಂದು ಟ್ರಾನ್ಸಿಟ್ ಕ್ಯಾಂಪ್ ಹುಡುಕುತ್ತಾರೆ. ಗೇಮಿನಲ್ಲಿ ನೌಕೆಯನ್ನು ನಿಲ್ದಾಣ ಮಾಡುವ ಬಟನ್ ಕೂಡ ಇದೆ. ನಮ್ಮ ಊರಿನಲ್ಲಿ ಕೆಲಸ ಮಾಡುವ ಬಟನ್ ಅದೊಂದೇ.

‘ನೋ ಮ್ಯಾನ್ಸ್ ಸ್ಕೈ’ ಅಂತ ಇನ್ನೊಂದು ಗೇಮು. ಅದರಲ್ಲಿ ಒಂದು ದೊಡ್ಡ ಸರಕು ನೌಕೆಯೊಳಗೇ ಮನೆ ಕಟ್ಟಿಕೊಳ್ಳಬಹುದು. ನೀವು ಯಾವ ನಕ್ಷತ್ರದ ಹತ್ತಿರ ಇದ್ದರೂ ಕರೆದರೆ ಬರುತ್ತದೆ. ಗ್ರಹಗಳ ಸಂಖ್ಯೆ 18ರ ಮುಂದೆ 18 ಸೊನ್ನೆ ಇಟ್ಟರೂ ಸ್ವಲ್ಪ ಜಾಸ್ತಿಯೇ. ಬೇಸ್ ಕಂಪ್ಯೂಟರ್ ನೆಟ್ಟರೆ ಆ ಜಾಗ ನಿಮ್ಮದು, ಪ್ರಾಪರ್ಟಿ ಕಾರ್ಡಿನ ಮಾತೇ ಇಲ್ಲ. ನಮ್ಮ ಸೆಕ್ರೆಟರಿ ಇದನ್ನು ನಂಬಲಿಲ್ಲ. ನಾವು ಕೂತಿರುವ ಜಾಗದ ಕನ್ವೇಯನ್ಸ್, ಅಂದರೆ ಅದನ್ನು ಸೊಸೈಟಿಯ ಹೆಸರಿಗೆ ಬರೆದುಕೊಡುವುದು, ಇನ್ನೂ ಆಗಿಲ್ಲ, ಕಾಗದದಲ್ಲಿ ಅದು ಯಾವತ್ತೋ ತೀರಿಹೋದ ಒಬ್ಬ ಮೂಲ ಮಾಲೀಕರ ಹೆಸರಲ್ಲೇ ಇದೆ. “ಅಷ್ಟು ಗ್ರಹದಲ್ಲಿ ಒಂದಾದರೂ ಮೈದಾನಕ್ಕೆ ರಿಸರ್ವ್ ಆಗದೆ ಇರುತ್ತಾ?” ಅಂದರು.

ಹುಡುಗ ಒಂದು ಎಚ್ಚರಿಕೆಯನ್ನೂ ಕೊಟ್ಟ. ಸ್ಪೇಸ್ ಇಂಜಿನಿಯರ್ಸ್‌ನಲ್ಲಿ ಪಿಸ್ಟನ್ನು, ರೋಟರು ಜಾಸ್ತಿ ಹಾಕಿದರೆ ಇಡೀ ನೌಕೆ ಗಡಗಡ ನಡುಗಿ ಚೂರಾಗುವುದುಂಟು. ಆಟಗಾರರು ತಮಾಷೆಗೆ ಅದನ್ನು ಕ್ಲ್ಯಾಂಗ್ ದೇವರ ಕೋಪ ಅನ್ನುತ್ತಾರೆ. ಅಜ್ಜಿ ಕೈಮುಗಿದರು. ಆ ದೇವರು ನಮಗೂ ಗೊತ್ತು. ಇಲ್ಲಿ ಸ್ಟೇ ಆರ್ಡರ್ ರೂಪದಲ್ಲಿ ಪ್ರತ್ಯಕ್ಷನಾಗುತ್ತಾನೆ. 2019ರಲ್ಲಿ ನಿಯಮ ಸಡಿಲಿಸಿ ರಿಡೆವಲಪ್‌ಮೆಂಟಿಗೆ ಶೇಕಡಾ 51 ಮಂದಿ ಒಪ್ಪಿದರೆ ಸಾಕು ಅಂದರು. ಆದರೆ ಕೋರ್ಟಿಗೆ ಹೋಗಲು ಒಬ್ಬ ಸಾಕು. ಆ ಒಬ್ಬ ಪ್ರತಿ ಸೊಸೈಟಿಯಲ್ಲೂ ಇರುತ್ತಾನೆ, ಸಾಮಾನ್ಯವಾಗಿ ತಳಮಹಡಿಯಲ್ಲಿ.

ಕೊನೆಗೆ ಠರಾವು ಆಯಿತು. ಬಾಹ್ಯಾಕಾಶ ನಿಲ್ದಾಣ ಕಟ್ಟುವ ಮೂವರಿಂದ ಮೊಹರು ಮಾಡಿದ ಕೊಟೇಶನ್ ತರಿಸುವುದು. ಕಟ್ಟಿ ಮುಗಿಯುವವರೆಗೆ ಬಾಡಿಗೆ, ಬ್ರೋಕರೇಜು, ಸಾಮಾನು ಸಾಗಿಸುವ ಖರ್ಚು ಕಟ್ಟುವವನದೇ. ಪ್ರತಿ ಫ್ಲ್ಯಾಟಿಗೂ ಒಂದು ಪಾರ್ಕಿಂಗ್. ಪೊಸೆಷನ್ ಬರುವ ಡಿಸೆಂಬರ್.

ಸಂಜೆಯೊಳಗೆ ಠರಾವು ವಾಟ್ಸಾಪಿನಲ್ಲಿ ಓಡಾಡಿತು. ರಾತ್ರಿ ಊಟಕ್ಕೆ ಕೂತಾಗ ಪಕ್ಕದ ಗಲ್ಲಿಯ ಎಸ್ಟೇಟ್ ಏಜೆಂಟ್ ಫೋನ್ ಮಾಡಿದ. ನಮ್ಮಲ್ಲಿ ಭೂಮಿಯ ವ್ಯೂ ಇರುವ ಟು ಬಿಎಚ್‌ಕೆ ಇದೆಯಂತೆ, ಅವನ ಹತ್ತಿರ ಪಾರ್ಟಿ ರೆಡಿ ಇದೆಯಂತೆ.

“ಸ್ಟೇಷನ್‌ನಿಂದ ಎಷ್ಟು ದೂರ?” ಅಂತ ಕೇಳಿದ.

“ಸ್ಟೇಷನ್‌ನಲ್ಲೇ.”

“ಹಂಗಾದ್ರೆ ಸದ್ಯಕ್ಕೆ ಯಾರಿಗೂ ಕೊಡಬೇಡಿ ಸಾರ್,” ಅಂದ. “ರೇಟು ಇನ್ನೂ ಏರುತ್ತೆ.”