ಸಾಕಮ್ಮ ಅಂದ್ರೆ ನಗೋಕೇನಿದೆ?

ನಿನ್ನೆ ನೆಂಟರ ಮನೆ ನಾಮಕರಣ. ಸೋದರತ್ತೆ ಮಗುವಿನ ಕಿವಿಯಲ್ಲಿ ಮೊದಲು ಮುತ್ತಜ್ಜಿಯ ಹೆಸರು ಹೇಳಿದಳು, ಸಾಕಮ್ಮ. ಛತ್ರಕ್ಕೆ ಛತ್ರವೇ ಕಿಸಕ್ಕಂತು. ಮೈಕ್ ಹಿಡಿದವನು ಬೇರೆ, "ಹೆಣ್ಣು ಸಾಕಪ್ಪಾ ಸಾಕು ಅಂತ ಇಡ್ತಿದ್ದ ಹೆಸರು ಕಣ್ರೀ" ಅಂತ ವ್ಯಾಖ್ಯಾನ ಕೊಟ್ಟ. ಕರೆಯೋ ಹೆಸರು ಕಿಯಾರಾ ಅಂತೆ. ಅರ್ಥ ಕೇಳಿದರೆ ಅಪ್ಪ ಮೊಬೈಲ್ ತೆಗೆದ! ಇಟಲಿ ಮೂಲ ಹಿಡಿದರೆ ಬೆಳಕು, ಐರಿಶ್ ಮೂಲ ಹಿಡಿದರೆ ಕಪ್ಪು. ಯಾವುದು ಬೇಕೋ ಆರಿಸಿಕೊಳ್ಳಲಿ.

ನಮ್ಮಜ್ಜಿಯೂ ಸಾಕಮ್ಮನೇ ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಉರಿ ಜಾಸ್ತಿ.

ಸಾಕಿ ಸಲಹೋದು, ಸಾಕುತಾಯಿ, ಸಾಕುಮಗಳು, ಇವೆಲ್ಲ ಎಲ್ಲಿ ಹೋದವು? ಕೂಸುಗಳು ಕೈಗೆ ಹತ್ತದೆ ಹೋಗುತ್ತಿದ್ದ ಕಾಲದಲ್ಲಿ ಉಳಿದ ಒಂದನ್ನು ಮೊರದಲ್ಲಿಟ್ಟು, ತಿಪ್ಪೆ ಮೇಲೆ ಹೊರಳಿಸಿ, ತಿಪ್ಪಮ್ಮ ಅಂದರು, ಹುಚ್ಚಮ್ಮ ಅಂದರು. ಜವರಾಯನ ಕಣ್ಣು ಬೀಳದಿರಲಿ ಅಂತ. (ಚಿತ್ರದುರ್ಗದ ಕಡೆ ತಿಪ್ಪಮ್ಮ ಅಂದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಹೆಸರು. ಅಲ್ಲಿ ಹೋಗಿ ನಕ್ಕು ನೋಡಿ.) ನಮ್ಮಜ್ಜಿಯೂ ಹಾಗೆ ಉಳಿದವಳೇ. ಹಿಂದಿನವೆಲ್ಲ ತೀರಿಕೊಂಡ ಮೇಲೆ, ಇದನ್ನಾದರೂ ಸಾಕಿಕೊಳ್ತೀವಿ ಅಂತ ಇಟ್ಟ ಹೆಸರು.

ಬೇಡದ ಹೆಣ್ಣಿಗೆ ಸಾಕಮ್ಮ ಅಂತ ಇಟ್ಟೇ ಇಲ್ವಾ? ಇಟ್ಟಿದ್ದಾರೆ, ಇಲ್ಲ ಅಂದೋರ್ಯಾರು. ಮಹಾರಾಷ್ಟ್ರದ ಸಾತಾರಾದಲ್ಲಿ ನಕುಶಾ, ಅಂದರೆ ಬೇಡವಾದವಳು, ಅಂತಲೇ ಇಟ್ಟಿದ್ದರು. 2011ರಲ್ಲಿ ಅಂಥ 285 ಹುಡುಗಿಯರಿಗೆ ಬೇರೆ ಹೆಸರಿಡಬೇಕಾಯಿತು. ಆದರೆ ಆ ನಾಚಿಕೆ ಇಟ್ಟವರದು, ಹೊತ್ತವಳದಲ್ಲ. ಈಗಿನವರು ಭಾಳ ಸುಧಾರಿಸಿಬಿಟ್ಟಿದ್ದಾರೆ ಪಾಪ! ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಬಂದದ್ದು 1994ರಲ್ಲಿ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೀತಿದ್ದದ್ದು ಬಯಲಾಯಿತು. ಬೆಲ್ಲ ಕಾಯಿಸೋ ಜಾಗ ಸ್ವಾಮಿ! ಅಜ್ಜಿ ಕಾಲದವರು ಸಾಕು ಅಂತ ಹೆಸರಿಟ್ಟಾದರೂ ಸಾಕಿದರು. ಇವರು ಹೆಸರಿಡೋವರೆಗೂ ಬಿಡಲಿಲ್ಲ.

ಬೆಂಗಳೂರಿನವರಿಗಂತೂ ಈ ಹೆಸರು ನಗೆಪಾಟಲಾಗಲೇಬಾರದು. ಗಂಡ ಹೋದ ಮೇಲೆ ಕೊಡಗಿನ ಕಾಫಿ ತೋಟ ಸಂಭಾಳಿಸಿ, ಬಸವನಗುಡಿಯಲ್ಲಿ ಕಾಫಿಪುಡಿ ಕಾರ್ಖಾನೆ ನಡೆಸಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂತವರು ದೊಡ್ಡಮನೆ ಸಾಕಮ್ಮ. ಅವರ ಹೆಸರಿನ ಸಾಕಮ್ಮ ಗಾರ್ಡನ್ ಪಕ್ಕದಲ್ಲೇ ದಿನಾ ಬೈಕ್ ಓಡಿಸ್ತೀರಿ, ಆಗ ನಗು ಬರಲ್ವಾ?

ಕಿಯಾರಾ ಅಂತ ಇಡಿ, ತಕರಾರಿಲ್ಲ. ಕೂಸಿನ ಕಿವಿಗೆ ಮುತ್ತಜ್ಜಿ ಹೆಸರು ಬಿದ್ದಾಗ ಬಾಯಿ ಮುಚ್ಚಿಕೊಂಡು ನಿಲ್ಲೋಕೆ ಏನು ಕಷ್ಟ?

"ತಮಾಷೆಗೆ ಅಂದದ್ದು ಅಕ್ಕಾ" ಅಂತ ಇಲ್ಲಿ ಬಂದು ಕಾಮೆಂಟ್ ಹಾಕಬೇಡಿ. ಫೋನ್ ಮಾಡಿ, ಬಾಕಿ ಬೈಗುಳ ಅಲ್ಲೇ ತೀರಿಸ್ತೀನಿ.